ಎರಡನೇ ಬಸ್ಸಿನಲ್ಲಿ ಬಂದ ಕಂಪ್ಯೂಟರ್

ಕಾಸರಗೋಡಿನ ಒಂದು ಕನ್ನಡ ಶಾಲೆ. ಜೂನ್ ತಿಂಗಳ ಪಿಟಿಎ, ಅಂದರೆ ಹೆತ್ತವರ ಮತ್ತು ಶಿಕ್ಷಕರ ಮೀಟಿಂಗು. ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಹೆಡ್‌ಮಾಷ್ಟ್ರ ಮಾತು ಅರ್ಧಕ್ಕರ್ಧ ಕೇಳಿಸುತ್ತಿಲ್ಲ. ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ಕೇಳಿದರು: "ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡ್ತಾರಂತಲ್ಲ, ಅದು ಈಗಲೂ ಉಂಟಾ?"

ಅದು ಎಸ್‌ಟಿ ಮಕ್ಕಳಿಗೆ ಮಾತ್ರ ಅಂದರು ಒಬ್ಬರು. ಅಲ್ಲ, ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಚಿಟ್ಟಿ, ಅಂದರೆ ಚೀಟಿ, ಕಟ್ಟಿದವರಿಗೆ ಅಂದರು ಇನ್ನೊಬ್ಬರು. ಈಗ ಲ್ಯಾಪ್‌ಟಾಪ್ ಇಲ್ಲ, ಬರೀ ಇಂಟರ್ನೆಟ್ಟು ಅಂತ ಮೂರನೆಯವರು. ಕೊನೆಗೆ "ಅಕ್ಷಯ ಸೆಂಟರಿನಲ್ಲಿ ಕೇಳಿ" ಎಂಬಲ್ಲಿಗೆ ಚರ್ಚೆ ಮುಗಿಯಿತು. ತಮಾಷೆ ಏನೆಂದರೆ ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರು ಒಂದೊಂದು ವರ್ಷದ ಕಥೆ ಹೇಳಿದ್ದರು ಅಷ್ಟೆ. ಇಪ್ಪತ್ತೈದು ವರ್ಷಗಳಲ್ಲಿ ಇಷ್ಟು ಹೆಸರು ಬಂದುಹೋದರೆ ಜನರಿಗೆ ಗೊಂದಲ ಆಗದೆ ಇನ್ನೇನು?

ಕಥೆ ಶುರುವಾಗುವುದು 2001ರಲ್ಲಿ. ಅದಕ್ಕೂ ಹಿಂದಿನದನ್ನು ಒಂದೇ ಉಸಿರಿಗೆ ಹೇಳಿಬಿಡಬಹುದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಹೋಗಲಿ ಅಂದಿತು, ಹೋಗಲಿಲ್ಲ, 1984ರಲ್ಲಿ ಬೇರೆ ಜಿಲ್ಲೆಯಾಯಿತು, ಕನ್ನಡ ಶಾಲೆಗಳು ಇದ್ದಲ್ಲೇ ಇದ್ದವು, ಪಠ್ಯಪುಸ್ತಕ ಮಾತ್ರ ತಿರುವನಂತಪುರದಿಂದ ಬರತೊಡಗಿತು.

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಬೇಕು ಎಂದು ಕೇರಳ ಸರಕಾರ ತಜ್ಞರ ಒಂದು ಸಮಿತಿಯಿಂದ ವರದಿ ಬರೆಸಿತ್ತು. ಸಮಿತಿಯ ಮುಖ್ಯಸ್ಥರು ಇಸ್ರೋದ ಮಾಜಿ ಅಧ್ಯಕ್ಷ ಯು.ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು. ಕೇರಳದ ಮಕ್ಕಳ ಕಂಪ್ಯೂಟರ್ ಪಾಠದ ಹಿಂದೆ ನಮ್ಮದೇ ಕರಾವಳಿಯವರೊಬ್ಬರು ಇದ್ದರು ಅನ್ನುವುದು ಇಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಆ ವರದಿಯಿಂದ 2001ರಲ್ಲಿ ಹುಟ್ಟಿದ್ದು ಐಟಿ ಅಟ್ ಸ್ಕೂಲ್ ಎಂಬ ಯೋಜನೆ. 2005ರ ಹೊತ್ತಿಗೆ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪರೀಕ್ಷೆಯೂ ಬಂತು.

ನಾನು ಓದಿದ ಶಾಲೆಯ ಲ್ಯಾಬು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು, ದೇವಸ್ಥಾನದ ಹಾಗೆ. ಕಿಟಕಿಗೆ ಹಸಿರು ಪರದೆ. ಒಂದು ಕಂಪ್ಯೂಟರಿಗೆ ನಾಲ್ಕು ಜನ. ಮೌಸ್ ಯಾವಾಗಲೂ ನಡುವೆ ಕೂತವನ ಕೈಯಲ್ಲಿ. ಅಂಚಿನಲ್ಲಿ ಕೂತವರು ವರ್ಷವಿಡೀ ಪರದೆ ನೋಡಿದರೇ ಹೊರತು ಮೌಸ್ ಮುಟ್ಟಲಿಲ್ಲ. ನಡುವೆ ಕೂರುತ್ತಿದ್ದವನ ಮನೆಯಲ್ಲಿ ಮೊದಲೇ ಕಂಪ್ಯೂಟರ್ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಗುಡುಗು ಶುರುವಾದರೆ ಮಾಷ್ಟ್ರು ಓಡಿಬಂದು ಎಲ್ಲ ಪ್ಲಗ್ ಕೀಳುತ್ತಿದ್ದರು. ನಮ್ಮ ಕಡೆಯ ಸಿಡಿಲಿಗೆ ಎಷ್ಟು ಮೋಡೆಮ್, ಎಷ್ಟು ಯುಪಿಎಸ್ ಸುಟ್ಟುಹೋಗಿವೆಯೋ ದೇವರೇ ಬಲ್ಲ.

ಆಮೇಲೆ ಕೇರಳದ ಶಾಲೆಗಳು ಪೂರ್ತಿ ಗ್ನೂ/ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಹೋದವು. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಬಡ ಮನೆಗೆ ಹಾಗಲ್ಲ. ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಶಾಲೆಯ ಸಿಡಿಯನ್ನೇ ಕಾಪಿ ಮಾಡಿ ಮನೆಯ ಹಳೇ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ಅದೂ ಕಳ್ಳತನವಾಗದ ಹಾಗೆ. ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ ಅನ್ನುವುದೊಂದೇ ತೊಂದರೆ.

ಕನ್ನಡದ ಮಟ್ಟಿಗೆ ಇದರಲ್ಲಿ ಒಂದು ಕಷ್ಟವೂ ಒಂದು ಲಾಭವೂ ಇತ್ತು. ಮೊದಲು ಕಷ್ಟ. ಪೇಟೆಯ ಡಿಟಿಪಿ ಸೆಂಟರಿನವರು ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡುವವರು. ಅಲ್ಲಿಂದ ತಂದ ಪ್ರಶ್ನೆಪತ್ರಿಕೆಯನ್ನು ಶಾಲೆಯ ಉಬುಂಟುವಿನಲ್ಲಿ (ಅದೂ ಲಿನಕ್ಸೇ) ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಪುಟ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆ, ಕೊಂಬು ಬಾಲ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ರೂಢಿಯಾಗುವವರೆಗೆ ಈ ಗೋಳು ಇತ್ತು. ಇನ್ನು ಲಾಭ. ಶಾಲೆಗಳಲ್ಲಿ ಕಲಿಸಿದ್ದು ಇನ್‌ಸ್ಕ್ರಿಪ್ಟ್ ಕೀಬೋರ್ಡ್. ಅದರಲ್ಲಿ ಭಾರತದ ಹೆಚ್ಚಿನ ಭಾಷೆಗಳಿಗೆ ಕೀಲಿಗಳ ಜಾಗ ಒಂದೇ. ಮಲಯಾಳದ ಕ ಇರುವ ಕೀಲಿಯಲ್ಲೇ ಕನ್ನಡದ ಕ. ಎರಡೂ ಲಿಪಿ ಓದುವ ಕಾಸರಗೋಡಿನ ಮಕ್ಕಳಿಗೆ ಬೆರಳು ಒಮ್ಮೆ ಕಲಿತರೆ ಸಾಕು, ಎರಡು ಭಾಷೆ ಬಂತು. ಗಡಿಯಾಚೆಯ ಅಣ್ಣಂದಿರಿಗೆ ಇದು ಇವತ್ತಿಗೂ ಅಚ್ಚರಿ. ಅವರಿಗೆ ಕೆ.ಪಿ. ರಾವ್ ಅವರು ಕನ್ನಡಕ್ಕೆ ಮಾಡಿದ ಕೀಬೋರ್ಡ್ ವಿನ್ಯಾಸವೇ ಕೈಗೆ ಕೂತಿದೆ.

ಇಷ್ಟೆಲ್ಲ ನಡೆದದ್ದು ಶಾಲೆಯ ಗೇಟಿನ ಒಳಗೆ. ಮನೆಗೆ ಮುಟ್ಟಿಸುವ ಮೊದಲ ಪ್ರಯತ್ನ ಅಕ್ಷಯ ಯೋಜನೆ. 2002ರ ನವೆಂಬರಿನಲ್ಲಿ ಮಲಪ್ಪುರಂನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ಪ್ರತಿ ಮನೆಯಿಂದ ಒಬ್ಬರಿಗಾದರೂ ಕಂಪ್ಯೂಟರ್ ಬರಬೇಕು ಎಂಬುದು ಗುರಿ. ಒಳ್ಳೆಯ ಗುರಿಯೇ. ಆದರೆ ಬೇರೆ ಜಿಲ್ಲೆಗಳಿಗೆ ಹಬ್ಬುತ್ತಾ ಹೋದ ಹಾಗೆ ಅಕ್ಷಯ ಅರ್ಜಿ ಹಾಕುವ ಅಂಗಡಿಯಾಯಿತು. ರೇಶನ್ ಕಾರ್ಡು, ಆಧಾರ್, ವರಮಾನ ಸರ್ಟಿಫಿಕೇಟು. ಕೀಬೋರ್ಡ್ ಕೌಂಟರಿನ ಆ ಬದಿ, ನಾವು ಈ ಬದಿ. ಕಲಿಸುವ ಜಾಗ ಮಾಡಿಕೊಡುವ ಜಾಗವಾದದ್ದು ಯಾವಾಗ ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ. ದುಡ್ಡು ಕೊಟ್ಟರೆ ಕೆಲಸ ಆಗುತ್ತದಾದ್ದರಿಂದ ಯಾರೂ ಕೇಳಲೂ ಹೋಗಲಿಲ್ಲ.

ಅದೇ ಹೊತ್ತಿಗೆ ಪಕ್ಕದ ತಮಿಳುನಾಡು ಬೇರೆಯೇ ದಾರಿ ಹಿಡಿಯಿತು. 2011ರಿಂದ ಕೆಲವು ವರ್ಷ ಸರಕಾರಿ ಮತ್ತು ಅನುದಾನಿತ ಶಾಲೆಯ ಪ್ಲಸ್ ಟು ಮಕ್ಕಳಿಗೆ ಲ್ಯಾಪ್‌ಟಾಪ್ ಪುಕ್ಕಟೆ. ಹೊಸೂರು, ತಾಳವಾಡಿ ಕಡೆಯ ಕನ್ನಡದ ಮಕ್ಕಳ ಮನೆಗೂ ಅದು ಹೋಯಿತು. ಮಾರಿಕೊಂಡ ಸುದ್ದಿಗಳೂ ಬಂದವು ಅನ್ನಿ. ತಮಿಳುನಾಡು ಮಗುವಿನ ಕೈಗೆ ಕೊಟ್ಟಿತು, ಕೇರಳ ಶಾಲೆಗೆ ಕೊಟ್ಟಿತು. ಶಾಲೆಗೆ ಕೊಟ್ಟದ್ದು ಹಾಳಾಗಲಿಲ್ಲ, ಎಲ್ಲರಿಗೂ ಸಿಕ್ಕಿತು. ಆದರೆ ನಾಲ್ಕು ಗಂಟೆಗೆ ಬೀಗ ಬೀಳುತ್ತಿತ್ತು.

ಬೀಗದ ಒಳಗೆ ಕೆಲಸ ಚೆನ್ನಾಗಿಯೇ ನಡೆಯಿತು. 2017ರಲ್ಲಿ ಐಟಿ ಅಟ್ ಸ್ಕೂಲ್ ಹೋಗಿ ಅದರ ಜಾಗಕ್ಕೆ ಕೈಟ್ ಎಂಬ ಸರಕಾರಿ ಕಂಪೆನಿ ಬಂತು. 2018ರಲ್ಲಿ 8ರಿಂದ 12ನೇ ತರಗತಿವರೆಗಿನ 45,000 ಕ್ಲಾಸ್‌ರೂಮುಗಳನ್ನು ಹೈಟೆಕ್ ಮಾಡುವ ಕೆಲಸ ಶುರುವಾಯಿತು. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರು. ಅದೇ ವರ್ಷ ಮಕ್ಕಳ ಐಟಿ ಕ್ಲಬ್ ಲಿಟಲ್ ಕೈಟ್ಸ್. 2019ರಲ್ಲಿ ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ ಹೇಳಿತು.

ಆಮೇಲೆ 2020, ಕೊರೊನಾ ಬಂದು ಶಾಲೆ ಮುಚ್ಚಿತು. ಹೈಕೋರ್ಟ್ ಹೇಳಿದ ಹಕ್ಕು ಎಷ್ಟು ಮನೆಗಳಲ್ಲಿ ಇಲ್ಲ ಅಂತ ಗೊತ್ತಾದದ್ದೇ ಆಗ. ಜೂನ್ 1ಕ್ಕೆ ಸರಕಾರದ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಹೆಸರಿನ ಪಾಠ ಶುರುವಾಯಿತು. ಟಿವಿಯೂ ಇಲ್ಲ, ಫೋನೂ ಇಲ್ಲ ಅನ್ನುವ ಮಕ್ಕಳು ರಾಜ್ಯದಲ್ಲಿ ಸುಮಾರು 2.6 ಲಕ್ಷ ಎಂದು ಲೆಕ್ಕ ಸಿಕ್ಕಿತು. ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು. ಪಾಠ ಮಲಯಾಳದಲ್ಲಿ. ಕನ್ನಡದ ಪಾಠಗಳನ್ನು ಜಿಲ್ಲೆಯ ಶಿಕ್ಷಕರೇ ತಯಾರು ಮಾಡಬೇಕಾಯಿತು. ಅವು ಯೂಟ್ಯೂಬಿನಲ್ಲಿ, ಲೋಕಲ್ ಕೇಬಲಿನಲ್ಲಿ ಬಂದವು. ಒಬ್ಬ ಟೀಚರ್ ಆಗ ಹೇಳಿದ ಮಾತು ಇದು: "ಇಲ್ಲಿ ಕನ್ನಡ ಎರಡನೇ ಬಸ್ಸಿನಲ್ಲೇ ಬರುವುದು. ಬಂತಲ್ಲ ಅಂತ ಖುಷಿಪಡಬೇಕು." ಬೇಸರದಿಂದ ಹೇಳಿದರೋ ಸುಮ್ನೆ ಹೇಳಿದರೋ ಗೊತ್ತಾಗಲಿಲ್ಲ. ಅವರ ಮೇಜಿನ ಮೇಲೆ ಮಲಯಾಳದ ಪಾಠವನ್ನು ಕನ್ನಡದಲ್ಲಿ ಬರೆದುಕೊಂಡ ನಲವತ್ತು ಹಾಳೆ ಇತ್ತು.

ಕೇಬಲ್ ಇಲ್ಲದ ಮನೆಗೆ ಡಿಶ್ ಇತ್ತು, ಆದರೆ ಡಿಶ್‌ನಲ್ಲಿ ಲೋಕಲ್ ಕೇಬಲಿನ ಕನ್ನಡ ಪಾಠ ಬರುವುದಿಲ್ಲ. ಯೂಟ್ಯೂಬಿಗೆ ಫೋನ್ ಬೇಕು. ಫೋನು ಅಪ್ಪನದ್ದು. ಅಪ್ಪ ಬೆಳಿಗ್ಗೆ ಏಳಕ್ಕೆ ಅಡಿಕೆ ತೋಟದ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಮೂರು ಮಕ್ಕಳಿರುವ ಮನೆಯಲ್ಲಿ ರಾತ್ರಿ ಎಂಟರ ಮೇಲೆ ಸರದಿ. ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಗೆ ಹೋದರೆ ಗುಡ್ಡದ ಸಂದಿನಲ್ಲಿ ಸಿಗ್ನಲ್ ಇಲ್ಲ. ಗಡಿಯ ಹತ್ತಿರ ಫೋನಿಗೆ ಕರ್ನಾಟಕದ ಟವರೇ ಸಿಗುವುದು. ತಲಪಾಡಿಯಲ್ಲಿ ಮನುಷ್ಯರನ್ನು ತಡೆದು ನಿಲ್ಲಿಸಿದ್ದ ದಿನಗಳಲ್ಲೂ ಸಿಗ್ನಲ್ ಮಾತ್ರ ಆರಾಮವಾಗಿ ಗಡಿ ದಾಟಿ ಬರುತ್ತಿತ್ತು.

ಆಗಲೇ ಶಾಲೆಯ ಬೀಗ ತೆರೆದದ್ದು. ಕ್ಲಾಸ್‌ರೂಮಿನ ಲ್ಯಾಪ್‌ಟಾಪ್, ಪ್ರೊಜೆಕ್ಟರುಗಳನ್ನು ಕಾಲನಿಗಳಿಗೆ, ಗ್ರಂಥಾಲಯಗಳಿಗೆ, ಅಂಗನವಾಡಿಗಳಿಗೆ ಒಯ್ಯಲು ಅನುಮತಿ ಸಿಕ್ಕಿತು. ಕೊರಗ ಸಮುದಾಯದ ಒಂದು ಕಾಲನಿಯಲ್ಲಿ ಹೀಗೆ ಇಟ್ಟ ಲ್ಯಾಪ್‌ಟಾಪನ್ನು ನಾನು ನೋಡಿದ್ದೆ. ಬುಟ್ಟಿ ಹೆಣೆಯಲು ತಂದಿಟ್ಟ ಬೀಳಿನ ಕಟ್ಟಿನ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಎದುರು ಹನ್ನೊಂದು ಮಕ್ಕಳು, ಹಿಂದೆ ಅಜ್ಜಿಯರು. ಮನೆಯಲ್ಲಿ ಆಡುವುದು ತುಳು, ಶಾಲೆಯಲ್ಲಿ ಕನ್ನಡ, ಪಾಠದ ನಡುವೆ ಬರುವ ಸೂಚನೆ ಮಲಯಾಳ, ಬಟನ್ನಿನ ಮೇಲೆ ಬರೆದದ್ದು ಇಂಗ್ಲಿಷ್. ಪಾಠ ನಡುವೆ ನಿಂತಾಗ ಹತ್ತಿರ ಹೋಗಿ ಒತ್ತಿದ್ದು ಐದನೇ ಕ್ಲಾಸಿನ ಒಬ್ಬ ಹುಡುಗಿ. ಯಾರು ಹೇಳಿಕೊಟ್ಟರು ಅಂದರೆ ನಕ್ಕಳು. ಮೌಸ್ ಮುಟ್ಟಲು ಅವಳಿಗೆ ಯಾರೂ ಸರದಿ ಹೇಳಿರಲಿಲ್ಲ.

ಅದೇ ವರ್ಷದ ಇನ್ನೊಂದು ಯೋಜನೆ ವಿದ್ಯಾಶ್ರೀ. ಪಿಟಿಎಯಲ್ಲಿ ಚಿಟ್ಟಿ ಅಂದರಲ್ಲ, ಅದು. ಕೇರಳ ಸರಕಾರದ ಚಿಟ್ಟಿ ಕಂಪೆನಿ ಕೆಎಸ್‌ಎಫ್‌ಇ ಮತ್ತು ಕುಟುಂಬಶ್ರೀ ಸೇರಿ ಮಾಡಿದ್ದು. ತಿಂಗಳಿಗೆ 500 ರೂಪಾಯಿಯಂತೆ 30 ಕಂತು. ಮೂರು ಕಂತು ಕಟ್ಟಿದರೆ 15,000 ರೂಪಾಯಿಯ ಲ್ಯಾಪ್‌ಟಾಪ್ ಕೈಗೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಲೆಕ್ಕ ಇಲ್ಲ. ಬೀಡಿ ಕಟ್ಟುವ ಹೆಂಗಸರು ವಾರದ ಮಜೂರಿಯಿಂದ ತೆಗೆದಿಟ್ಟು ಕಟ್ಟಿದರು. ಆದರೆ ಲ್ಯಾಪ್‌ಟಾಪ್ ಹೊತ್ತಿಗೆ ಬರಲಿಲ್ಲ. ಕೊರೊನಾದಿಂದ ಬಿಡಿಭಾಗಗಳಿಗೇ ಬರ. ಬಂದವುಗಳಲ್ಲಿ ಕೆಲವು ಆನ್ ಆಗಲಿಲ್ಲ, ವಾಪಸ್ ಹೋದವು. ಕೊನೆಗೆ 2021ರಲ್ಲಿ ನಿಯಮ ಬದಲಿಸಿ, ಅಂಗಡಿಯಲ್ಲಿ ಕೊಂಡು ಬಿಲ್ ಕೊಟ್ಟರೆ 20,000ದವರೆಗೆ ಸಾಲ ಅಂದರು. ಅಂಗಡಿಯಲ್ಲಿ ಕೊಳ್ಳುವಷ್ಟು ದುಡ್ಡು ಕೈಯಲ್ಲಿದ್ದರೆ ಚಿಟ್ಟಿ ಯಾಕೆ ಸೇರುತ್ತಿದ್ದರು ಅಂತ ಕೇಳಬಾರದು. ಶಾಲೆ ತೆರೆಯುವ ಹೊತ್ತಿಗೆ ಕಂತು ಮಾತ್ರ ಉಳಿದಿದ್ದ ಮನೆಗಳೂ ಇದ್ದವು.

ಎಸ್‌ಟಿ ಮಕ್ಕಳಿಗೆ ಅಂದದ್ದು ವಿದ್ಯಾಕಿರಣಂ. 2021ರ ಆಗಸ್ಟಿನಲ್ಲಿ ಬಂದದ್ದು. ದಾನಿಗಳ ದುಡ್ಡೂ ಸೇರಿ, ಶಾಲೆಯ ಮೂಲಕ, ಮೊದಲು ಪರಿಶಿಷ್ಟ ಪಂಗಡದ ಮಕ್ಕಳಿಗೆ. ಬರೀ ಇಂಟರ್ನೆಟ್ಟು ಅಂದದ್ದು ಕೆ-ಫೋನ್, ಕೇರಳ ಸರಕಾರದ್ದೇ ಇಂಟರ್ನೆಟ್ ಜಾಲ. 2023ರ ಜೂನ್ 5ಕ್ಕೆ ಉದ್ಘಾಟನೆ. ಹೇಳಿದ್ದು 20 ಲಕ್ಷ ಬಡ ಮನೆಗಳಿಗೆ ಪುಕ್ಕಟೆ ಇಂಟರ್ನೆಟ್. ಮೊದಲ ಹಂತದಲ್ಲಿ 14,000, ಅಂದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 100 ಮನೆ. ಮಂಜೇಶ್ವರಕ್ಕೆ ನೂರು, ಕಾಸರಗೋಡಿಗೆ ನೂರು. ಲೆಕ್ಕ ಸಮ ಇದೆ. ಮಂಜೇಶ್ವರದ ಎಷ್ಟೋ ಪಂಚಾಯತಿನಲ್ಲಿ ಒಂದು ವಾರ್ಡಿಗೇ ಅಷ್ಟು ಮನೆ ಬೇಕು ಅನ್ನುವುದು ಬೇರೆ ಮಾತು.

2025ರ ಆಗಸ್ಟಿನಲ್ಲಿ ಕೇರಳ ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಣೆಯಾಯಿತು. ಮನೆಮನೆಗೆ ಸ್ವಯಂಸೇವಕರು ಹೋಗಿ ಫೋನ್ ಹಿಡಿಯಲು ಕಲಿಸಿದ್ದು ನಿಜ, ಕಲಿತದ್ದೂ ನಿಜ. ಅದಕ್ಕೂ ಮೊದಲು, 2022ರಲ್ಲಿ, ಲಿಟಲ್ ಕೈಟ್ಸ್ ಮಕ್ಕಳೇ ತಾಯಂದಿರಿಗೆ ಆನ್‌ಲೈನ್ ಮೋಸದ ಬಗ್ಗೆ ತರಬೇತಿ ಕೊಟ್ಟಿದ್ದರು. ನನ್ನ ಕೇಳಿದರೆ ಎಲ್ಲ ಯೋಜನೆಗಳಲ್ಲಿ ಕಡಿಮೆ ಖರ್ಚಿನದೂ ಮನೆಗೆ ನಿಜವಾಗಿ ಮುಟ್ಟಿದ್ದೂ ಅದೇ. ಲ್ಯಾಪ್‌ಟಾಪ್ ಕೆಟ್ಟರೆ ರಿಪೇರಿಗೆ ಮಂಗಳೂರಿಗೆ ಹೋಗಬೇಕು. ಪಕ್ಕದಲ್ಲಿ ಕೂತು ಹೇಳಿಕೊಡುವ ಮಗಳು ಮನೆಯಲ್ಲೇ ಇರುತ್ತಾಳೆ.

ಆವತ್ತಿನ ಪಿಟಿಎ ಮುಗಿದ ಮೇಲೂ ಮಳೆ ಬಿಡಲಿಲ್ಲ. ಜಗಲಿಯಲ್ಲಿ ನಿಂತಿದ್ದ ಒಬ್ಬ ಅಕ್ಕನ ಫೋನು ತೆಗೆದುಕೊಂಡು ಒಂಬತ್ತನೇ ಕ್ಲಾಸಿನ ಹುಡುಗಿ ಏನೋ ಮಾಡುತ್ತಿದ್ದಳು. ಎರಡು ನಿಮಿಷದಲ್ಲಿ ಫೋನಿನ ಭಾಷೆ ಕನ್ನಡಕ್ಕೆ ತಿರುಗಿತು. ಅಕ್ಕ ಕನ್ನಡಕ ಹಾಕಿ ಒಂದೊಂದೇ ಸಾಲು ಓದಿದರು, ಜೋರಾಗಿ, ಪಾಠ ಒಪ್ಪಿಸುವ ಹಾಗೆ. ಅಷ್ಟರಲ್ಲಿ ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು: ಅನುಮತಿಸಿ, ನಿರಾಕರಿಸಿ.

"ಓದ್ಲಿಕ್ಕೆ ಬಂತು ಮಗಾ," ಅಂದರು. "ಇದ್ರಲ್ಲಿ ಯಾವುದು ಒತ್ತುವುದು?"

ಹುಡುಗಿ ಫೋನ್ ವಾಪಸ್ ತೆಗೆದುಕೊಳ್ಳಲಿಲ್ಲ. "ಮೇಲೆ ಏನು ಕೇಳಿದ್ದಾರೆ, ಅದನ್ನು ಓದಿ ಅಕ್ಕ," ಅಂದಳು.