ನಿಯಮದ ಪುಸ್ತಕ ಮುಟ್ಟದೆ ನಿಯಮ ಬದಲಿಸಿದ ಕತೆ

1986ರಲ್ಲಿ ಆಂಟೊನಿನ್ ಸ್ಕಾಲಿಯಾ ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಆದಾಗ ಸೆನೆಟ್‌ನಲ್ಲಿ ಬಿದ್ದ ಮತ 98–0. (ಸೆನೆಟ್ ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ. ಅಧ್ಯಕ್ಷರು ಆರಿಸಿದ ಜಡ್ಜ್‌ಗಳನ್ನು ಅದು ಒಪ್ಪಬೇಕು.) ಆತ ಕಟ್ಟಾ ಸಂಪ್ರದಾಯವಾದಿ. ಆದರೂ ಎದುರು ಪಕ್ಷದ ಒಬ್ಬ ಡೆಮಾಕ್ರಟ್ ಕೂಡ ಬೇಡ ಅನ್ನಲಿಲ್ಲ. 2020ರಲ್ಲಿ ಏಮಿ ಕೋನಿ ಬ್ಯಾರೆಟ್ ಗೆದ್ದಿದ್ದು 52–48ರಲ್ಲಿ. ಅವರಿಗೆ ಒಬ್ಬ ಡೆಮಾಕ್ರಟ್ ಕೂಡ ಮತ ಹಾಕಲಿಲ್ಲ.

ಯಾಕೆ ಹೀಗಾಯಿತು? ರಾಜಕಾರಣಿಗಳು ಕೆಟ್ಟುಹೋದರು, ಅಷ್ಟೇ ಅಂತ ಹೇಳುವವರೇ ಜಾಸ್ತಿ. ಈ ಉತ್ತರ ಏನೇನೂ ಸಾಲದು. ಜಗಳ ಹೊಸದಲ್ಲ. ಜಾರ್ಜ್ ವಾಷಿಂಗ್ಟನ್ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಆರಿಸಿದ್ದ ಜಾನ್ ರಟ್ಲೆಜ್ ಅವರನ್ನೇ ಸೆನೆಟ್ 1795ರಲ್ಲಿ 14–10ರಿಂದ ತಿರಸ್ಕರಿಸಿತ್ತು. ಬ್ರಿಟನ್ ಜೊತೆಗಿನ ಜೇ ಒಪ್ಪಂದವನ್ನು ಅವರು ಬಹಿರಂಗವಾಗಿ ಬೈದಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್‌ಗೆ ಆರಿಸಿದ್ದ ರಾಬರ್ಟ್ ಬೋರ್ಕ್ ಸೋತಾಗಲೂ ಜಗಳ ಜೋರಾಗಿತ್ತು. ಆದರೆ ಆಗಿನ ಮತಪಟ್ಟಿ ನೋಡಿ: ತಮ್ಮದೇ ಅಧ್ಯಕ್ಷ ರೇಗನ್ ಆರಿಸಿದವರ ವಿರುದ್ಧ 6 ರಿಪಬ್ಲಿಕನ್ನರು, ಪರವಾಗಿ 2 ಡೆಮಾಕ್ರಟರು.

ಬದಲಾಗಿದ್ದು ಲೆಕ್ಕ. ಸೆನೆಟ್‌ನಲ್ಲಿ 100 ಜನ. ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಜನ ಬೇಕು ಅನ್ನುವ ನಿಯಮ 1975ರಿಂದ ಇದೆ. ಒಂದೇ ಪಕ್ಷಕ್ಕೆ 60 ಸಿಗುವುದು ಅಪರೂಪ. ಹಾಗಾಗಿ ಹೆಸರು ಆರಿಸುವಾಗಲೇ ಅಧ್ಯಕ್ಷರಿಗೆ ಆ ಕಡೆಯವರ ಮೇಲೂ ಒಂದು ಕಣ್ಣಿರಬೇಕಿತ್ತು.

ಜಡ್ಜ್‌ಗಳ ಮಟ್ಟಿಗೆ ಈ 60 ಹೋಗಿದ್ದು ಹೇಗೆ? ನಿಯಮದ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. 2013ರ ನವೆಂಬರ್ 21ರಂದು ಡೆಮಾಕ್ರಟ್ ನಾಯಕ ಹ್ಯಾರಿ ರೀಡ್ ಎದ್ದು ನಿಂತು, ಕೆಳಗಿನ ಕೋರ್ಟ್‌ಗಳ ನೇಮಕದ ಚರ್ಚೆ ಮುಗಿಸಲು ಸರಳ ಬಹುಮತ ಸಾಕು ಅಂತ ಕ್ರಿಯಾಲೋಪ (ಸದನದ ನಿಯಮದ ಬಗ್ಗೆ ಆಕ್ಷೇಪ) ಎತ್ತಿದರು. ಸಭಾಪತಿ ಪೀಠದಲ್ಲಿದ್ದ ಪ್ಯಾಟ್ರಿಕ್ ಲೀಹಿ ಅವರದೇ ಪಕ್ಷದವರು. ನಿಯಮ ನೋಡಿ, ಆಗಲ್ಲ ಅಂದರು. ರೀಡ್ ಆ ರೂಲಿಂಗನ್ನೇ ಸದನದ ಮುಂದಿಟ್ಟರು. ಅದನ್ನು ತಳ್ಳಿಹಾಕಲು ಸರಳ ಬಹುಮತವೇ ಸಾಕು! ರೂಲಿಂಗ್ ಉಳಿಯಲಿ ಅಂದವರು 48, ಬೇಡ ಅಂದವರು 52. ಅಂಪೈರ್ ಔಟ್ ಕೊಟ್ಟ ಮೇಲೆ ಬ್ಯಾಟಿಂಗ್ ತಂಡ ಕೈ ಎತ್ತಿ ನಾಟೌಟ್ ಮಾಡಿಕೊಂಡು, ಮುಂದಿನ ಎಲ್ಲ ಪಂದ್ಯಕ್ಕೂ ಇದೇ ನಿಯಮ ಅಂದ ಹಾಗೆ. ಅವತ್ತು 3 ಡೆಮಾಕ್ರಟರು ತಮ್ಮ ನಾಯಕನ ಜೊತೆ ಹೋಗಲಿಲ್ಲ. 2017ರ ಏಪ್ರಿಲ್‌ನಲ್ಲಿ ನೀಲ್ ಗೋರ್ಸಚ್ ಅವರಿಗಾಗಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಇದೇ ದಾರಿ ಹಿಡಿದು ಸುಪ್ರೀಂ ಕೋರ್ಟ್‌ಗೂ ಅದನ್ನು ತಂದರು. ಮತ್ತೆ 48–52. ಈ ಸಲ ಯಾರೂ ಗೆರೆ ದಾಟಲಿಲ್ಲ.

ಪಕ್ಷನಿಷ್ಠೆ ಬಿಗಿಯಾಗುವುದು ಇಲ್ಲೇ. ಮೊದಲು ಎದುರು ಪಕ್ಷದವನ ಒಪ್ಪಿಗೆಗೆ ಬೆಲೆ ಇತ್ತು. ಅದನ್ನು ಇಟ್ಟುಕೊಂಡು ಸ್ವಲ್ಪ ಮೆತ್ತಗಿನ ಹೆಸರು ಕೇಳಬಹುದಿತ್ತು. ಈಗ ಅವನು ಹೂಂ ಅಂದರೆ ಸಿಗುವುದೇನೂ ಇಲ್ಲ, ತನ್ನ ಮತದಾರರ ಸಿಟ್ಟು ಮಾತ್ರ. ಆಳುವ ಪಕ್ಷದಲ್ಲಾದರೆ ಇಬ್ಬರು ಮೂವರು ಕೈಕೊಟ್ಟರೂ ನೇಮಕವೇ ಮುಳುಗಬಹುದು. ಅವರ ಮೇಲಿನ ಒತ್ತಡ ಎಷ್ಟಿರಬೇಡ, ಅಲ್ವಾ?

ಎದುರು ಪಕ್ಷದ ಕೈಯಲ್ಲಿ ಉಳಿದಿರುವ ದೊಡ್ಡ ಹಿಡಿತ ಒಂದು ನೀಲಿ ಚೀಟಿ. ಫೆಡರಲ್ (ಕೇಂದ್ರದ) ಜಿಲ್ಲಾ ಕೋರ್ಟ್‌ಗೆ ಹೆಸರು ಬಂದಾಗ ಆ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ನ್ಯಾಯಾಂಗ ಸಮಿತಿ ಅದನ್ನು ಕಳಿಸುತ್ತದೆ. ಒಪ್ಪಿಗೆಯೊಂದಿಗೆ ವಾಪಸ್ ಬಾರದಿದ್ದರೆ ಹೆಸರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಇದು ಬರೀ ವಾಡಿಕೆ. ಸಮಿತಿಯ ಅಧ್ಯಕ್ಷರು ಬೇಡ ಅಂದರೆ ಮುಗಿಯಿತು. ಮೇಲ್ಮನವಿ ಕೋರ್ಟ್‌ಗಳ ಮಟ್ಟಿಗೆ ಅದು ಆಗಲೇ ಮುಗಿದಿದೆ.