ಲೀಡರ್‌ಶಿಪ್ ಕಾನ್ಫರೆನ್ಸ್‌ಗೆ ಹೋಗ್ಲ್ಯೋ ಬ್ಯಾಡೋ? ಅಗ್ರಿ ಓದೋ ತಂಗಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಕ್ಕಾ, ನಾನು ಹನುಮನಮಟ್ಟಿಯೊಳಗ ಬಿ.ಎಸ್ಸಿ ಅಗ್ರಿ ಸೆಕೆಂಡ್ ಇಯರ್. ಹೈದರಾಬಾದ್‌ನಾಗ ಅಗ್ರಿ ಸ್ಟೂಡೆಂಟ್ಸ್‌ದು ಲೀಡರ್‌ಶಿಪ್ ಕಾನ್ಫರೆನ್ಸ್ ಐತಂತ, ಮೂರು ದಿನ. ಸ್ಟೇಜ್ ಮ್ಯಾಲೆ ನಿಂತ್ರ ನನಗ ಕೈಕಾಲು ನಡಗತಾವ, ಇಂಗ್ಲಿಷ್ ಅಷ್ಟಕ್ಕಷ್ಟ, ಮನಿಯೊಳಗ ರೊಕ್ಕ ಕೇಳಾಕೂ ಸಂಕೋಚ. ನನ್ನಂಥಾಕಿ ಹೋಗಿ ಏನ್ ಮಾಡ್ಲಿ?

ಉತ್ತರ: ಹೋಗವಾ ತಂಗಿ. ಧಾರವಾಡ, ಗದಗ, ಹಾವೇರಿ ಕಡಿಯಿಂದ ಇದ ಪ್ರಶ್ನೆ ಭಾಳ ಮಂದಿ ಕೇಳತಾರ, ಅದಕ್ಕ ಸ್ವಲ್ಪ ಉದ್ದ ಬರಿಯಾಕತ್ತೇನಿ.

ನೀ ಹೆದರಿರೋದು ಭಾಷಣಕ್ಕ. ಆದ್ರ ಇಂಥಾ ಕಡೆ ಭಾಷಣ ಮಾಡೋರು ಬ್ಯಾರೇನ ಇರತಾರ, ಸ್ಟೂಡೆಂಟ್ಸ್‌ಗೆ ಹೆಚ್ಚು ಕೆಲಸ ಇರೋದು ಗ್ರೂಪ್‌ನಾಗ, ಊಟದ ಸಾಲಿನಾಗ, ಸಂಜಿಮುಂದ ಹಾಸ್ಟೆಲ್ ಕಟ್ಟಿ ಮ್ಯಾಲೆ. ಒಂದು ಗ್ರೂಪ್ ಟಾಸ್ಕ್ ನಾನು ಹತ್ರದಿಂದ ನೋಡೇನಿ. ಹಳ್ಳಿಯೊಳಗ ರೈತ ಉತ್ಪಾದಕರ ಕಂಪನಿ, ಅಂದ್ರ ರೈತರ ಶೇರ್ ಹಾಕಿ ಕೂಡಿ ನಡಸೋ ಕಂಪನಿ, ಹೆಂಗ ಕಟ್ಟತೀರಿ ಅಂತ ವಿಷಯ ಕೊಟ್ಟಿದ್ರು, ಮಾತು ಬಲ್ಲ ಹುಡುಗ್ರೆಲ್ಲಾ ಆ್ಯಪ್, ಬ್ರ್ಯಾಂಡಿಂಗ್, ಎಕ್ಸ್‌ಪೋರ್ಟ್ ಅಂತ ಚಾರ್ಟ್ ತುಂಬಸಾಕತ್ತಿದ್ರು, ಮಾರ್ಕರ್ ಒಬ್ಬನ ಕೈಯಾಗ ಇತ್ತು, ಅಂವ ಬಿಡವಲ್ಲ. ಅಷ್ಟೊತ್ತನ ಸುಮ್ಮನ ಕುಂತಿದ್ದ ಬೀದರ್ ಕಡೆ ಹುಡುಗ ಮೆಲ್ಲಕ, "ಮೊದಲನೇ ವರ್ಷ ಗೋಡೌನ್ ಬಾಡಿಗಿ ಯಾರು ಕೊಡೋರು?" ಅಂತ ಕೇಳಿದ. ಎಲ್ಲಾರೂ ಗಪ್. ಆಮ್ಯಾಲೆ ಅರ್ಧ ಚಾರ್ಟ್ ಹೊಡದು ಹಾಕಿ ಶೇರ್ ಬಂಡವಾಳ, ಬಾಡಿಗಿ, ತೂಕದ ಲೆಕ್ಕ, ಇದನ್ನ ಕುಂತು ಬರದ್ರು. ಆ ಹುಡುಗ ಸ್ಟೇಜ್ ಹತ್ತಲೇ ಇಲ್ಲ, ಆದ್ರ ಗ್ರೂಪ್ ನಡದದ್ದು ಅವನ ಪ್ರಶ್ನೆಯಿಂದ.

ಹಿಂಗ ರೈತರನ್ನ ಕೂಡಿಸಿ ಕೆಲಸ ಮಾಡೋದು ನಮ್ಮ ಭಾಗದಾಗ ಹೊಸಾದೇನಲ್ಲ. ಗದಗ ಹತ್ರ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನ ಕೂಡಿಸಿ ಪತ್ತಿನ ಸಹಕಾರ ಸಂಘ ಕಟ್ಟಿದ್ರಲ್ಲ, ಆಗ ಸಹಕಾರ ಸಂಘದ ಕಾಯ್ದೆ ಬಂದು ಒಂದ ವರ್ಷ ಆಗಿತ್ತು, 1904ರ ಕಾಯ್ದೆ ಅದು. ಬಡ್ಡಿ ಸಾಲದಾಗ ಸಿಕ್ಕೊಂಡ ಮಂದಿಯನ್ನ ಒಂದ ಕಡೆ ಕೂಡಸೋದು, ಒಬ್ಬರ ಸಾಲಕ್ಕ ಇನ್ನೊಬ್ಬರು ನಂಬಿಕಿ ಇಡೋಹಂಗ ಮಾಡೋದು ಎಷ್ಟು ಕಠಿಣ ಅಂತ ಊರಾಗ ಸಂಘ ನಡಸೋರನ್ನ ಕೇಳಿ ನೋಡು. ಅಗ್ರಿ ಓದಿದೋರಿಗೆ ಬೇಕಾದ ಲೀಡರ್‌ಶಿಪ್ ಈ ಥರದ್ದು ಅಂತ ನನಗ ಖಾತ್ರಿ ಐತಿ.

ಅದಕ್ಕ ಖಾಲಿ ಕೈಲೆ ಹೋಗಬ್ಯಾಡ, ಊರಿಂದ ಒಂದು ಪ್ರಶ್ನೆ ಹಿಡಕೊಂಡು ಹೋಗು. ಉದಾಹರಣೆಗೆ ಹೆಸರುಕಾಳಿನ ಬೆಳಿ. ನಮ್ಮ ಕಡೆ ಜೂನ್‌ದಾಗ ಬಿತ್ತಿದ್ದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ರಾಶಿಗೆ ಬರತೈತಿ, ಅದ ಹೊತ್ತಿಗೆ ಮಳಿ ಹಿಡೀತೈತಿ, ಕಾಳು ಕಪ್ಪಾಗತೈತಿ. 2025-26ಕ್ಕ ಬೆಂಬಲ ಬೆಲಿ ಕ್ವಿಂಟಲ್‌ಗೆ 8,768 ರೂಪಾಯಿ ಅಂತ ಘೋಷಣೆ ಆಗಿತ್ತು, ಆದ್ರ ಖರೀದಿ ಕೇಂದ್ರ ತಡಾ ಆಗಿ ಶುರುವಾದ್ರ, ಒಣಗಸಾಕ ಜಾಗ ಇಲ್ಲದ ಸಣ್ಣ ರೈತ ಕಾಯಾಂಗಿಲ್ಲ, ಬಂದಷ್ಟಕ್ಕ ಕೊಟ್ಟು ಕೈತೊಳಕೋತಾನ. "ನಿಮ್ಮ ರಾಜ್ಯದಾಗ ರಾಶಿ ಮೊದಲ, ಖರೀದಿ ಆಮ್ಯಾಲೆ ಅನ್ನೋ ಈ ಸಮಸ್ಯೆಗೆ ಏನ್ ಮಾಡ್ಯಾರ?" ಅಂತ ತಮಿಳುನಾಡಿನ ಹುಡುಗಿಗೆ, ಮಹಾರಾಷ್ಟ್ರದ ಹುಡುಗಗ ಕೇಳು. ನಿಮ್ಮೂರಾಗ ಹೆಸರು ಇಲ್ಲಂದ್ರ ಬ್ಯಾಡಗಿ ಮೆಣಸಿನಕಾಯಿ ಐತಿ, ಕೋಲ್ಡ್ ಸ್ಟೋರೇಜ್ ಬಾಡಿಗಿ ಐತಿ. ಪ್ರಶ್ನೆ ನಿಮ್ಮ ಹೊಲದ್ದಿದ್ರ ದನಿ ತಾನ ಗಟ್ಟಿ ಆಗತೈತಿ.

ಇಂಗ್ಲಿಷ್ ಬಗ್ಗೆ ಹೇಳಬೇಕಂದ್ರ, ಪ್ರಶ್ನೆನ ನಾಕು ಸಾಲಿನಾಗ ಬರಕೊಂಡು ರೂಮ್‌ನಾಗ ಜೋರಾಗಿ ಓದಿ ಓದಿ ರೂಢಿ ಮಾಡ್ಕೋ, ಅಷ್ಟ ಸಾಕು. ಚೀಟಿ ನೋಡಿ ಕೇಳಿದ್ರ ಯಾರೂ ನಗಂಗಿಲ್ಲ.

ಈಗ ರೊಕ್ಕದ ಮಾತು, ಇದನ್ನ ಲಕ್ಷ್ಯ ಕೊಟ್ಟು ಓದು. ಕಾನ್ಫರೆನ್ಸ್ ಅಂತ ಹೆಸರಿಟ್ಟು ಬರೇ ಸರ್ಟಿಫಿಕೇಟ್ ಮಾರೋರೂ ಇದ್ದಾರ. ರೊಕ್ಕ ಕಟ್ಟಿದ್ರ ಬೆಸ್ಟ್ ಸ್ಟೂಡೆಂಟ್ ಅವಾರ್ಡ್ ಕೊಡತೀವಿ ಅಂದ್ರ ಅಲ್ಲೇ ಬಿಟ್ಟುಬಿಡು. ಯಾವ ಯೂನಿವರ್ಸಿಟಿ ಅಥವಾ ಸಂಸ್ಥೆ ನಡಸಾಕತ್ತೈತಿ, ದಿನದ ಪ್ರೋಗ್ರಾಂ ಶೀಟ್ ಐತೇನು, ಮಾತಾಡೋರು ಯಾರು, ಫೀಸ್‌ನಾಗ ಊಟ ವಸತಿ ಸೇರೈತೇನು, ಹುಡುಗ್ಯಾರಿಗೆ ಉಳಿಯಾಕ ಎಲ್ಲಿ ವ್ಯವಸ್ಥೆ ಮಾಡ್ಯಾರ, ಇಷ್ಟು ಮೊದಲ ಕೇಳು, ಉತ್ತರ ತಪ್ಪಿಸಿದ್ರ ಹೋಗಬ್ಯಾಡ. ಎಲ್ಲಾ ಸರಿ ಇದ್ರ ಕಾಲೇಜಿನಾಗ ನಿನ್ನ ಅಡ್ವೈಸರ್ ಹತ್ರ ಹೋಗಿ ಪರ್ಮಿಷನ್, ಅಟೆಂಡೆನ್ಸ್ ಎರಡೂ ಮಾತಾಡು, ಬಾಯಿಮಾತಿಗೆ ಬಿಡದ ಲೆಟರ್‌ನಾಗ ಬರೆಸಿಕೋ. ಪ್ರವಾಸದ ಖರ್ಚಿಗೆ ಏನರ ಸಹಾಯ ಸಿಗತೈತೇನು ಅಂತನೂ ಅಲ್ಲೇ ಕೇಳು, ಕೇಳಾಕ ನಾಚಬ್ಯಾಡ. ರೈಲ್ವೆ ರಿಸರ್ವೇಶನ್ 60 ದಿನ ಮೊದಲ ಓಪನ್ ಆಗತೈತಿ, ಸ್ಲೀಪರ್ ಆವಾಗಲೇ ಮಾಡಿಸಿದ್ರ ಖರ್ಚು ಭಾಳ ಆಗಂಗಿಲ್ಲ. ಅಪ್ಪಗ ರೊಕ್ಕ ಕೇಳೋಮುಂದ ಈ ಲೆಕ್ಕಾನೆಲ್ಲಾ ಒಂದು ಹಾಳಿ ಮ್ಯಾಲೆ ಬರದು ತೋರ್ಸು.

ಅಲ್ಲಿ ಸಿಕ್ಕೋರ ನಂಬರ್ ಸೇವ್ ಮಾಡೋಮುಂದ ಹೆಸರಿನ ಜೊತಿ ಅವರ ಊರು, ಅವರ ಬೆಳಿ ಬರಕೋ, ಇಲ್ಲಂದ್ರ ವಾರದಾಗ ಯಾರು ಯಾರಂತ ಮರತು ಹೋಗತೈತಿ. ಮುಂದ ಫೈನಲ್ ಇಯರ್‌ನಾಗ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕ ಹಳ್ಳಿಗೆ ಹೋಗಿ ಉಳೀತಿ ನೋಡು, ಆವಾಗ ಅಲ್ಲಿ ರೈತರು ಕೇಳೋ ಪ್ರಶ್ನೆಗೆ ಆ ನಂಬರ್‌ಗಳು ಭಾಳ ಉಪಯೋಗಕ್ಕ ಬರತಾವ. ತಿರುಗಿ ಬಂದ ವಾರದೊಳಗ ಕ್ಲಾಸ್‌ನಾಗ ಅರ್ಧ ತಾಸು ಟೈಮ್ ಕೇಳಿ ಅಲ್ಲಿ ಕಲ್ತದ್ದನ್ನ ಹೇಳು, ಕನ್ನಡದಾಗ ಹೇಳಿದ್ರೂ ನಡೀತೈತಿ, ನಿಮ್ಮ ಕ್ಲಾಸಿನಾಗ ನಿನ್ನಂಗ ಹಿಂಜರಿಯೋರು ಇನ್ನೂ ಇರತಾರ, ಮುಂದಿನ ವರ್ಷಕ್ಕ ಅವರೊಳಗ ಇಬ್ಬರನ್ನರ ತಯಾರು ಮಾಡು.