ಹೊನ್ನಾವರದಿಂದ ಮುಂಬಯಿಗೆ: ಸರ್ ನಾರಾಯಣ ಚಂದಾವರಕರ ಕುರಿತು ಅಧ್ಯಯನ ಟಿಪ್ಪಣಿ

ಮುಂಬಯಿಯಲ್ಲಿ ಕನ್ನಡದಲ್ಲಿ ಇತಿಹಾಸ ಓದುತ್ತಿರುವ ನಾವು ನಾರಾಯಣ ಗಣೇಶ ಚಂದಾವರಕರರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ: 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಅಲ್ಲಿಂದ 1913ರವರೆಗಿನ ಅವಧಿಯನ್ನು ‘ರಾಜಕೀಯದಿಂದ ದೂರವಿದ್ದ ಕಾಲ’ ಎಂದು ಬಿಟ್ಟುಬಿಡುವುದು ವಾಡಿಕೆ. ನನ್ನ ಮಟ್ಟಿಗೆ ಅವರ ಸಾರ್ವಜನಿಕ ಜೀವನದ ತಿರುಳಿರುವುದೇ ಆ ವರ್ಷಗಳಲ್ಲಿ.

ಅವರು ಹುಟ್ಟಿದ್ದು 1855ರಲ್ಲಿ, ಹೊನ್ನಾವರದಲ್ಲಿ. ಆಗ ಅದು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಶರಾವತಿಯ ದಡದ ಹುಡುಗರಿಗೆ ಕಾಲೇಜು, ಕೋರ್ಟು, ನೌಕರಿ ಎಲ್ಲಕ್ಕೂ ಮುಂಬಯಿಯೇ ದಿಕ್ಕಾದದ್ದು ಹೀಗೆ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಕಾನೂನು ಪದವಿ ಪಡೆದರು. ವಿಧವಾ ವಿವಾಹದ ಪರವಾಗಿ ನಿಂತಿದ್ದ ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರಾಗಿಯೂ ದುಡಿದರು. ಸಮಾಜ ಸುಧಾರಣೆಯ ನಂಟು ಹೈಕೋರ್ಟಿನ ಪೀಠ ಏರಿದ ಮೇಲೆ ಅಂಟಿಕೊಂಡದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

1885ರಲ್ಲಿ ಬ್ರಿಟನ್ನಿನ ಚುನಾವಣೆಗೆ ಮುಂಚೆ ಭಾರತದ ಅಹವಾಲನ್ನು ಅಲ್ಲಿನ ಮತದಾರರ ಮುಂದಿಡಲು ಮೂವರು ಇಂಗ್ಲೆಂಡಿಗೆ ಹೋದರು: ಬಂಗಾಳದಿಂದ ಮನಮೋಹನ ಘೋಷ್, ಮದ್ರಾಸಿನಿಂದ ಸೇಲಂ ರಾಮಸ್ವಾಮಿ ಮುದಲಿಯಾರ್, ಮುಂಬಯಿಯಿಂದ ಮೂವತ್ತು ತುಂಬುತ್ತಿದ್ದ ಚಂದಾವರಕರರು. ಅವರು ಮರಳಿದ್ದು ಡಿಸೆಂಬರ್ 28ರಂದು. ಅದೇ ದಿನ ಗೋವಾಲಿಯಾ ಟ್ಯಾಂಕ್ ಬಳಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಆರಂಭವಾಯಿತು.

ಲಾಹೋರಿನ ಬೆನ್ನಲ್ಲೇ, 1901ರಲ್ಲಿ, ಅವರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ನ್ಯಾಯಾಧೀಶರಿಗೆ ಪಕ್ಷದ ವೇದಿಕೆ ಸಲ್ಲದು. ಆದರೆ ಸಮಾಜಸೇವೆಗೆ ಅಂಥ ಅಡ್ಡಿ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಸುಧಾರಕ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತೀರಿಕೊಂಡಿದ್ದರಿಂದ, ಅವರು ಮುನ್ನಡೆಸುತ್ತಿದ್ದ ಪ್ರಾರ್ಥನಾ ಸಮಾಜ ಎಂಬ ಧರ್ಮ-ಸಮಾಜ ಸುಧಾರಣಾ ಸಂಸ್ಥೆಯ ಮುಂದಾಳತ್ವ ಚಂದಾವರಕರರ ಹೆಗಲಿಗೆ ಬಂದಿತು. ಗಿರಗಾಂವ್ ಕಡೆ ಓಡಾಡುವವರಿಗೆ ‘ಪ್ರಾರ್ಥನಾ ಸಮಾಜ’ ಎಂದರೆ ಈಗ ಬಸ್ ನಿಲ್ಲುವ ಜಾಗ; ಅಂದು ಮುಂಬಯಿಯ ಸುಧಾರಕರಿಗೆ ಅದೇ ನೆಲೆ.

ಇಲ್ಲಿ 1906ನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಆ ವರ್ಷ ಅಕ್ಟೋಬರ್ 18ರಂದು ಪರೇಲ್‌ನ ಎಲ್ಫಿನ್‌ಸ್ಟನ್ ರಸ್ತೆಯಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳ ಮಕ್ಕಳಿಗಾಗಿ ಒಂದು ಶಾಲೆ ತೆರೆಯಿತು; ಅದರೊಂದಿಗೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭವಾಯಿತು. ಅಧ್ಯಕ್ಷರು ಚಂದಾವರಕರರು, ಕಾರ್ಯದರ್ಶಿ ವಿಠ್ಠಲ ರಾಮಜಿ ಶಿಂದೆ. ಶಿಂದೆಯವರು ಜಮಖಂಡಿಯವರು ಎಂಬುದನ್ನು ಗುರುತು ಹಾಕಿಕೊಳ್ಳಿ: ಒಬ್ಬರು ಕರಾವಳಿಯವರು, ಇನ್ನೊಬ್ಬರು ಬಯಲುಸೀಮೆಯವರು, ಇಬ್ಬರ ಹುಟ್ಟೂರುಗಳೂ ಇಂದಿನ ಕರ್ನಾಟಕದಲ್ಲಿವೆ. ದಿನದಿನದ ದುಡಿಮೆ ಶಿಂದೆಯವರದು. ಹೈಕೋರ್ಟ್ ನ್ಯಾಯಾಧೀಶರೊಬ್ಬರ ಹೆಸರು ತಲೆಬರಹದಲ್ಲಿದ್ದರೆ ಆ ಕಾಲದ ಮುಂಬಯಿಯಲ್ಲಿ ದಾನಿಗಳ ಬಾಗಿಲು ಬೇಗ ತೆರೆಯುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಮುಂದೆ ಎನ್. ಎಂ. ಜೋಶಿಯವರು ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್‌ಗೂ ಚಂದಾವರಕರರೇ ಅಧ್ಯಕ್ಷರು. ಗಿರಣಿ ಕಾರ್ಮಿಕರಿಗೆ ರಾತ್ರಿ ಶಾಲೆ, ವಾಚನಾಲಯ ನಡೆಸಿದ ಸಂಸ್ಥೆ ಅದು.

ಮಿಷನ್‌ಗೆ ಒಂದು ಮಿತಿ ಇತ್ತು, ಅದನ್ನು ಬಿಟ್ಟು ಉತ್ತರ ಬರೆಯಬೇಡಿ. ಅಧಿಕಾರ ಮೇಲುಜಾತಿಯ ಸುಧಾರಕರ ಕೈಯಲ್ಲಿತ್ತು. ಯಾರ ಏಳಿಗೆಗಾಗಿ ಸಂಸ್ಥೆ ಹುಟ್ಟಿತೋ ಅವರಿಗೇ ಅದರ ಚುಕ್ಕಾಣಿ ಸಿಕ್ಕಿರಲಿಲ್ಲ. ಈ ಬಗ್ಗೆ ಡಾ. ಅಂಬೇಡ್ಕರರು ಎತ್ತಿದ ಆಕ್ಷೇಪಕ್ಕೆ ಗಟ್ಟಿಯಾದ ಆಧಾರವಿತ್ತು ಎಂದೇ ನಾನು ನಂಬುತ್ತೇನೆ.

ಇಂದೋರಿನಲ್ಲಿ ಸ್ವಲ್ಪ ಕಾಲ ದಿವಾನಗಿರಿ ನಡೆಸಿ ಅವರು ಮತ್ತೆ ರಾಜಕೀಯಕ್ಕೆ ಬಂದರು. ಅಷ್ಟರಲ್ಲಿ ಗಾಳಿ ಬದಲಾಗಿತ್ತು. ಮಂದಗಾಮಿಯಾಗಿದ್ದ, ಅಂದರೆ ಮನವಿ-ಮಾತುಕತೆಯ ದಾರಿಯನ್ನು ನಂಬಿದ್ದ ಅವರಿಗೆ ಅಸಹಕಾರ ಚಳವಳಿ ಒಗ್ಗಲಿಲ್ಲ. 1921ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಮೊದಲ ಅಧ್ಯಕ್ಷರಾಗಿ, 1923ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಆ ಪರಿಷತ್ತು ಸದಸ್ಯ ಎಸ್. ಕೆ. ಬೋಲೆಯವರು ಮಂಡಿಸಿದ ಠರಾವನ್ನು ಅಂಗೀಕರಿಸಿತು: ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ಸಾರ್ವಜನಿಕ ಕೆರೆಯ ನೀರಿನ ಹಕ್ಕಿಗಾಗಿ ಅಂಬೇಡ್ಕರರು ನಡೆಸಿದ 1927ರ ಮಹಾಡ್ ಸತ್ಯಾಗ್ರಹವನ್ನು ಓದುವಾಗ ಈ ಠರಾವಿನಿಂದಲೇ ಆರಂಭಿಸಿ.